ಕೂದಲೆಳೆಯಷ್ಟು ಓರೆ

ಮಾರ್ಚ್ 3, ಸೋಮವಾರ

ಇವತ್ತೂ ನಾನೇ ಮೊದಲು ಹೊಡೆದೆ. ಅರವತ್ತು ಗುಂಡು, ಗುಂಡಿಗೆ ಹೆಚ್ಚೆಂದರೆ 10.9 ಅಂಕ; ನನಗೆ ಒಟ್ಟು 609.8. ಕೆಟ್ಟದ್ದಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಆಮೇಲೆ ಯಥಾಪ್ರಕಾರ ಚಿಕ್ಕವಳ ಅಳತೆಗೆ ರೈಫಲ್ ತಿರುಗಿಸಿ ಕೊಟ್ಟೆ. ಬಟ್‌ಪ್ಲೇಟ್ — ಭುಜಕ್ಕೆ ಆನಿಸುವ ಬಾಗಿದ ತಟ್ಟೆ — ನನ್ನ ಕೆಂಪು ಗುರುತಿನಿಂದ ಅವಳ ನೀಲಿ ಗುರುತಿಗೆ. ಸೈಟ್, ಅಂದರೆ ಗುರಿ ನೋಡುವ ಕಿಂಡಿ, ಬಲಕ್ಕೆ ಹನ್ನೆರಡು ಕ್ಲಿಕ್. ಗುರುತೆಲ್ಲ ನೇಲ್ ಪಾಲಿಷ್‌ನದು. ಒಂದೇ ರೈಫಲ್, ಇಬ್ಬರು ಸೊಸೆಯರು. ಮುಗಿಸಿದವಳು ಮುಂದಿನವಳ ಅಳತೆಗೆ ಮಾಡಿ ಕೊಡಬೇಕು, ಕುಡಿದ ಲೋಟ ತೊಳೆದು ಕೊಡುವ ಹಾಗೆ. ನಿಯಮ ಮಾಡಿದವಳೂ ನಾನೇ.

ರೈಫಲ್ ನನ್ನದು. ಚಿಕ್ಕವಳಿಗೂ ಈ ಹುಚ್ಚು ಹಿಡಿದಾಗ ಇವರು ಹೇಳಿದ್ದು: "ಮನೇಲಿ ಮಿಕ್ಸಿ ಒಂದೇ ಅಲ್ವಾ? ಇಬ್ರೂ ರುಬ್ಬಲ್ವಾ?" ಗಂಡಸರಿಗೆ ಎಲ್ಲವೂ ಮಿಕ್ಸಿ.

ಅವಳನ್ನು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದವಳೂ ನಾನೇ. ಮೈದುನನನ್ನು ಮದುವೆಯಾಗಿ ಬಂದ ಹೊಸತು, ಅವನು ವಾರಕ್ಕೆ ಐದು ದಿನ ಟೂರ್, ಹುಡುಗಿ ಕಿಟಕಿ ಹತ್ತಿರ ಕೂತು ಬೇಜಾರು ಮಾಡಿಕೊಳ್ಳುತ್ತಾಳೆ ಪಾಪ ಅಂತ. ಪಾಪ ಅಂದರೆ ಆರು ತಿಂಗಳ ಆಯಸ್ಸು ಕಡಿಮೆ ಎಂದು ಅತ್ತೆ ಸುಮ್ಮನೆ ಹೇಳುವುದಿಲ್ಲ.

ಇವತ್ತು ಅವಳದು 614.9.

ಕೋಚ್ ಮೊದಲಿನಿಂದ ಕೊನೆಯವರೆಗೆ ಅವಳ ಬೆನ್ನ ಹಿಂದೆಯೇ. ಎಲ್ಲರೂ ಅವರನ್ನು ಉಸಿರು ಸರ್ ಅನ್ನುತ್ತೇವೆ, ಬಾಯಿ ತೆರೆದರೆ "ಉಸಿರು, ಉಸಿರು". ನಾನು ಹೊಡೆಯುವಾಗ ಅವರು ಟೀ ಕುಡಿಯುತ್ತಿದ್ದರು. ಬಿಸ್ಕತ್ತು ಅದ್ದಿಕೊಂಡು.

ಹೊಟ್ಟೆ ಉರಿಯುತ್ತದೆ. ಬರೆದರಾದರೂ ಆರುತ್ತದೇನೋ.

ಮಾರ್ಚ್ 5, ಬುಧವಾರ

ಆರಲಿಲ್ಲ.

ಉಸಿರು ಸರ್ ಇವತ್ತು ಹೊಸಬರಿಗೆ ಪಾಠ ಮಾಡಿದರು. ಉದಾಹರಣೆ ಯಾರು? ಇನ್ಯಾರು. ಚಿಕ್ಕವಳನ್ನು ಲೇನ್‌ನಲ್ಲಿ ನಿಲ್ಲಿಸಿ ಬೆರಳು ತೋರಿಸುತ್ತ —

"ನೋಡಿ, ಇವಳ ರೈಫಲ್ ಎಡಕ್ಕೆ ಒರಗಿದೆ, ಮುಖದ ಕಡೆಗೆ. ಏನಾಗುತ್ತೆ? ಗುಂಡು ಹೋಗ್ತಾ ಹೋಗ್ತಾ ಬೀಳುತ್ತೆ ಅಂತ ನಳಿಕೆ ಯಾವಾಗಲೂ ಚೂರು ಮೇಲಕ್ಕೆ ನೋಡ್ತಿರುತ್ತೆ. ರೈಫಲ್ ಓರೆ ಆದ್ರೆ ಆ ಮೇಲಕ್ಕೆ ಅನ್ನೋದು ಪಕ್ಕಕ್ಕೆ ಹೋಯ್ತು. ಗುಂಡು ಎಡಕ್ಕೆ ಬೀಳುತ್ತೆ. ಸರಿ, ಸೈಟ್ ಬಲಕ್ಕೆ ತಿರುಗಿಸ್ಕೊಳ್ಳಿ. ಮುಗೀತು. ಓರೆ ತಪ್ಪಲ್ಲ. ದಿನಕ್ಕೊಂದು ಓರೆ ತಪ್ಪು."

ಹೊಸಬರು ತಲೆ ಅಲ್ಲಾಡಿಸಿದರು. ಸರ್ ಮುಂದುವರಿಸಿದರು: "ತಲೆ ನೋಡಿ, ಎಷ್ಟು ನೆಟ್ಟಗಿದೆ. ರೈಫಲ್ ಇವಳ ಕಣ್ಣಿನ ಹತ್ರ ಬರುತ್ತೆ. ಇವಳು ಕತ್ತು ಬಗ್ಗಿಸ್ಕೊಂಡು ರೈಫಲ್ ಹತ್ರ ಹೋಗಲ್ಲ."

ಕತ್ತು ಬಗ್ಗಿಸಿಕೊಂಡು ಹೋಗುವವಳು ನಾನು. ಅಲ್ಲೇ ಪಕ್ಕದ ಬೆಂಚಿನಲ್ಲಿ ಸೀಸದ ಗುಂಡಿನ ಪೆಲೆಟ್ ಡಬ್ಬಿ ಹಿಡಿದು ಕೂತಿದ್ದೆ.

ನನಗೂ ಓರೆ ಇತ್ತು. ಒಂಬತ್ತು ವರ್ಷದ ಹಿಂದೆ ನಾನು ಬಂದಾಗ ನನ್ನ ರೈಫಲ್ಲೂ ಹೀಗೇ ಎಡಕ್ಕೆ ಒರಗುತ್ತಿತ್ತು. ಇದೇ ಉಸಿರು ಸರ್ ಗುರಿಯ ಮುಂದೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮುಂದಿನ ಸೈಟ್‌ನಲ್ಲಿ ರಸಮಟ್ಟದ ಪುಟ್ಟ ಗುಳ್ಳೆ ಕೂರಿಸಿ, ಒಂದು ವರ್ಷ ನನ್ನನ್ನು ನೆಟ್ಟಗೆ ಮಾಡಿದರು. ಗುಳ್ಳೆ ನಡುವಿನಿಂದ ಕದಲಿದರೆ ಬೆನ್ನಿಗೆ ಸ್ಕೇಲ್‌ನಿಂದ ತಟ್ಟುತ್ತಿದ್ದರು. ನಾನು ಅತ್ತಿದ್ದೂ ಉಂಟು.

ಪಾಠ ಮುಗಿದ ಮೇಲೆ ಕೇಳಿಯೇಬಿಟ್ಟೆ, ಸರ್, ಹಾಗಾದರೆ ನನ್ನನ್ನು ಯಾಕೆ...

"ಆಗ ನಮಗೆ ಅಷ್ಟೇ ಗೊತ್ತಿದ್ದದ್ದಮ್ಮ," ಅಂದರು. ಟೀ ಆರುತ್ತಿತ್ತು, ಹೊರಟರು.

ಅಷ್ಟೇ ಗೊತ್ತಿತ್ತಂತೆ. ನನ್ನ ಕತ್ತು, ನನ್ನ ಒಂದು ವರ್ಷ, ಅವರಿಗೆ ಅಷ್ಟೇ ಗೊತ್ತಿತ್ತು.

ಮಾರ್ಚ್ 9, ಭಾನುವಾರ

ನೋಟಿಸ್ ಹಾಕಿದ್ದಾರೆ. ಅಂತರ-ಕ್ಲಬ್ ಚಾಂಪಿಯನ್‌ಶಿಪ್‌ಗೆ ಮೂವರ ಟೀಮ್. ಇಬ್ಬರು ಹೋದ ವರ್ಷದವರೇ. ಉಳಿದದ್ದು ಒಂದು ಜಾಗ. ಏಪ್ರಿಲ್ 6ಕ್ಕೆ ಆಯ್ಕೆ, ಒಂದೇ ಮ್ಯಾಚ್, ಹೆಚ್ಚು ಹೊಡೆದವರು ಹೋಗುತ್ತಾರೆ. ಪೈಪೋಟಿಗೆ ಬೇರೆ ಯಾರಿದ್ದಾರೆ? ಯಾರೂ ಇಲ್ಲ. ನಾನು, ಅವಳು.

ಒಂಬತ್ತು ವರ್ಷದಲ್ಲಿ ನಾಲ್ಕು ಸಲ ಒಂದು ಮೆಟ್ಟಿಲು ಕೆಳಗೆ ನಿಂತಿದ್ದೇನೆ. ನನಗೀಗ ನಲವತ್ತೊಂದು. ಸೊಂಟ ಆಗಾಗ ಹಾಜರಿ ಹಾಕುತ್ತದೆ. ಈ ಸಲ ಇಲ್ಲದಿದ್ದರೆ ಇನ್ನಿಲ್ಲ, ಇದನ್ನು ಇವರಿಗೂ ಹೇಳಿಲ್ಲ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಇದ್ದರು. ಮೈದುನ ಸುದ್ದಿ ಕೇಳಿ ಚಪ್ಪಾಳೆ ತಟ್ಟಿದ. ಅತ್ತೆ ಬಡಿಸುತ್ತ ಅಂದರು: "ಎರಡು ಜುಟ್ಟು ಸೇರಿದ್ರೂ ಎರಡು ಜಡೆ ಸೇರಲ್ಲ ಅಂತಾರೆ. ನಮ್ಮನೇಲಿ ಒಂದು ಬಂದೂಕಿಗೆ ಎರಡು ಜಡೆ. ನಾನಂತೂ ಮಧ್ಯೆ ಬರಲ್ಲಪ್ಪ, ನನಗೆ ಜೀವದ ಮೇಲೆ ಆಸೆ ಇದೆ."

ಎಲ್ಲರೂ ನಕ್ಕರು. ಚಿಕ್ಕವಳು ಹೆಚ್ಚು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ — "ಅಕ್ಕ, ನೀವೇ ಹೋಗೋದು. ನಾನು ಸುಮ್ನೆ ಹೊಡೀತೀನಿ ಅಷ್ಟೇ."

ಸುಮ್ಮನೆ ಹೊಡೆದರೆ 615 ಬರುತ್ತದಲ್ಲ, ಅದೇ ನನಗೆ ಸಹಿಸಲಾಗದ್ದು. ಬೇಕರಿಯಲ್ಲಿ ಕೇಕ್ ಮೇಲೆ ಹೆಸರು ಬರೆಯುವ ಕೆಲಸ ಅವಳದು. ದಿನವಿಡೀ ಕೈ ನಡುಗದಂತೆ ಕ್ರೀಮ್ ಹಿಂಡುತ್ತಾಳೆ. ಅಲ್ಲಿ ಸಂಬಳ ತೆಗೆದುಕೊಂಡು ಮಾಡುವುದನ್ನೇ ಇಲ್ಲಿ ಬಂದು ಮಾಡುತ್ತಾಳೆ, ಅವಳಿಗೇನು ಕಷ್ಟ.

(ಹೀಗೆಲ್ಲ ಬರೆಯುವಾಗ ನಾಚಿಕೆ ಆಗಬೇಕು. ಆಗುತ್ತಿಲ್ಲ.)

ಮಾರ್ಚ್ 12, ಬುಧವಾರ

ಉಸಿರು ಸರ್‌ಗೆ ಕಣ್ಣಿನ ಪೊರೆ ಆಪರೇಷನ್. ಎರಡು ವಾರಕ್ಕೂ ಮೇಲೆ ಧೂಳು ಸೋಕಬಾರದಂತೆ, ರೇಂಜ್‌ಗೆ ಬರುವಂತಿಲ್ಲ. ಬೀಗದ ಕೈ ನನಗೆ ಕೊಟ್ಟರು.

"ಚಿಕ್ಕವಳನ್ನ ನೋಡ್ಕೊಳಮ್ಮ. ಅವಳದು ಏನೂ ಬದಲಾಯಿಸ್ಬೇಡ. ಹಾಗೇ ಬಿಟ್ಟುಬಿಡು."

"ಸರಿ ಸರ್."

ನನ್ನದು ಬದಲಾಯಿಸಬೇಕೋ ಬೇಡವೋ ಅಂತ ಹೇಳಲಿಲ್ಲ. ನೆನಪಿಗೇ ಬಂದಿರಲಿಕ್ಕಿಲ್ಲ.

ಮಾರ್ಚ್ 14, ಶುಕ್ರವಾರ

ಅವಳಾಗಿಯೇ ಕೇಳಿದಳು. ಇದನ್ನು ಮೊದಲು ಬರೆದಿಡುತ್ತೇನೆ. ನಾನಾಗಿ ಹೋಗಿ ಹೇಳಲಿಲ್ಲ.

ರೇಂಜ್‌ನಲ್ಲಿ ನಾವಿಬ್ಬರೇ. ಅವಳು ಮುಂದಿನ ಸೈಟ್‌ನೊಳಗಿನ ಗುಳ್ಳೆ ನೋಡುತ್ತಿದ್ದಳು. ಅವಳು ಹಿಡಿದರೆ ಗುಳ್ಳೆ ಒಂದು ಮೂಲೆಗೆ ಓಡಿ ಕೂತುಬಿಡುತ್ತದೆ.

"ಅಕ್ಕ, ನಿಮ್ಮದು ಮಧ್ಯದಲ್ಲಿ ನಿಲ್ಲುತ್ತೆ. ನನ್ನದು ಓಡುತ್ತೆ. ದೊಡ್ಡ ಮ್ಯಾಚ್‌ಗೆ ಇದು ಸರಿ ಮಾಡ್ಕೋಬೇಕಾ?"

ಏನು ಹೇಳಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಓರೆ ತಪ್ಪಲ್ಲ, ಹಾಗೇ ಇರಲಿ. ನಾಲ್ಕು ಪದ. ಅವು ಗಂಟಲವರೆಗೆ ಬಂದವು ಕೂಡ.

"ನೆಟ್ಟಗೆ ಹಿಡಿಯೋದು ಯಾವತ್ತಿದ್ರೂ ಒಳ್ಳೇದು," ಅಂದೆ. "ಮೊದಮೊದಲು ಕಷ್ಟ ಆಗುತ್ತೆ. ನಾನು ಹಾಗೇ ಕಲಿತದ್ದು."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾವ ಪುಸ್ತಕ ತೆಗೆದರೂ ಇದೇ ಬರೆದಿರುತ್ತದೆ.

"ಹಾಗಾದ್ರೆ ನೀವೇ ಕಲಿಸಿ ಅಕ್ಕ," ಅಂದಳು.

ಬಟ್‌ಪ್ಲೇಟ್ ಸಡಿಲಿಸಿ ನೆಟ್ಟಗೆ ಮಾಡಿದೆ. ಸೈಟ್ ಎಡಕ್ಕೆ ಹನ್ನೆರಡು. ಅವಳ ನೀಲಿ ಗುರುತು ಇನ್ನು ಬೇಡ, ಗೊಂದಲ ಆಗುತ್ತದೆ ಅಂತ ಪಾಲಿಷ್ ರಿಮೂವರ್ ಹಾಕಿ ಒರೆಸಿದೆ. ಹತ್ತಿಗೆ ನೀಲಿ ಹತ್ತಿತು. ಅವಳೇ ಹತ್ತಿ ಹರಿದು ಕೊಟ್ಟಳು.

ಮಾರ್ಚ್ 20, ಗುರುವಾರ

606. 604. ಇವತ್ತು 601.7.

ಹಾಲು ಕುಡಿದಷ್ಟು ಸಂತೋಷ. ಬೇರೆ ಯಾರ ಮುಂದೆ ಹೇಳಲಿ, ಇಲ್ಲೇ ಹೇಳುತ್ತೇನೆ. ಅವಳ ಗುಂಡುಗಳು ಗುರಿಯ ಮೇಲೆ ಚೆಲ್ಲಾಪಿಲ್ಲಿ, ಕೋಳಿ ಕೆದರಿದ ಹಾಗೆ. ಮೊದಲ ಹತ್ತು ಚೆನ್ನಾಗಿ ನಿಲ್ಲುತ್ತಾಳೆ. ಆಮೇಲೆ ಮೈ ದಣಿದಂತೆ ರೈಫಲ್ ಮೆಲ್ಲಗೆ ಹಳೆಯ ಓರೆಗೆ ಜಾರುತ್ತದೆ. ಗುಳ್ಳೆ ನೋಡಿ ಬೆಚ್ಚಿ ನೆಟ್ಟಗೆ ಮಾಡುತ್ತಾಳೆ. ಮತ್ತೆ ಜಾರುತ್ತದೆ. ಉಸಿರು ಸರ್ ಹೇಳುವ ದಿನಕ್ಕೊಂದು ಓರೆ ಅಲ್ಲ, ಗುಂಡಿಗೊಂದು ಓರೆ.

ನನ್ನದು 611.5. ಎದುರಿಗೆ ಯಾರೂ ಓಡದಿದ್ದರೆ ಎಷ್ಟು ಹಾಯಾಗಿ ಓಡಬಹುದು.

ರಾತ್ರಿ ಊಟವಾದ ಮೇಲೆ ಬಂದು ನನ್ನ ಮಂಚದ ಮೇಲೆ ಕೂತಳು. ಕತ್ತು ತಿರುಗಿಸಲು ಆಗುತ್ತಿಲ್ಲ. "ಅಕ್ಕ, ಇಲ್ಲಿ ಚೂರು ಮುಲಾಮು ಹಚ್ತೀರಾ? ಇವರಿಗೆ ಬರಲ್ಲ, ಹಿಟ್ಟು ನಾದಿದ ಹಾಗೆ ನಾದ್ತಾರೆ."

ಹಚ್ಚಿದೆ. ಬಲಗಡೆ, ಕಿವಿಯ ಕೆಳಗಿಂದ ಭುಜದವರೆಗೆ, ಒಂದು ನರ ಹಗ್ಗದಂತೆ ಬಿಗಿದಿತ್ತು. ನನಗೆ ಆ ಜಾಗ ಗೊತ್ತು. ನನಗೂ ಅಲ್ಲೇ.

"ಎಷ್ಟು ದಿನ ಬೇಕು ಅಕ್ಕ, ಅಭ್ಯಾಸ ಆಗೋಕೆ?"

"ಆಗುತ್ತೆ. ತಾಳ್ಮೆ ಇರಲಿ."

ನನಗೆ ಒಂದು ವರ್ಷ ಬೇಕಾಯಿತು ಎಂದು ಹೇಳಲಿಲ್ಲ. ಏಪ್ರಿಲ್ 6ಕ್ಕೆ ಇನ್ನು ಉಳಿದಿರುವುದು ಎರಡು ವಾರ ಚಿಲ್ಲರೆ.

ಮಾರ್ಚ್ 22, ಶನಿವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಜನ. ಒಬ್ಬ ಮೇಷ್ಟ್ರು ಹೊಸ ಕನ್ನಡಕ ಹಿಡಿದುಕೊಂಡು ಜಗಳಕ್ಕೇ ಬಂದರು. "ಏನಮ್ಮಾ, ಅಕ್ಷರ ಎಲ್ಲ ಜಾರ್ತಿವೆ, ತಪ್ಪು ಗ್ಲಾಸ್ ಹಾಕಿದ್ದೀರಾ?" ಗ್ಲಾಸ್ ಸರಿಯಿತ್ತು. ಅವರ ಒಂದು ಕಿವಿ ಇನ್ನೊಂದಕ್ಕಿಂತ ಕೆಳಗೆ, ಫ್ರೇಮ್ ಒರಗಿ ಕೂತಿದೆ ಅಷ್ಟೇ. ಬಿಸಿ ಮಾಡಿ ಒಂದು ಕಡ್ಡಿಯನ್ನು ಬಗ್ಗಿಸಿ ಕೊಟ್ಟೆ. ಮೇಜಿನ ಮೇಲಿಟ್ಟರೆ ಈಗ ಫ್ರೇಮ್ ಡೊಂಕು. ಅವರ ಮುಖದ ಮೇಲೆ ನೆಟ್ಟಗೆ.

"ನನ್ನ ಕಿವೀನೇ ಬಗ್ಗಿಸ್ತೀರೇನೋ ಅಂದ್ಕೊಂಡೆ," ಅಂತ ನಗುತ್ತ ಹೋದರು.

ದಿನಕ್ಕೆ ಹತ್ತು ಜನಕ್ಕೆ ಇದೇ ಕೆಲಸ ಮಾಡುತ್ತೇನೆ. ಸಂಜೆ ರೇಂಜ್‌ಗೆ ಹೋಗಿ ಚಿಕ್ಕವಳಿಗೆ ಹೇಳಿದ್ದು: "ಕತ್ತು ಬಗ್ಗಿಸು."

ಆ ಮೇಷ್ಟ್ರ ಮೇಲೆ ಇಡೀ ದಿನ ಸಿಟ್ಟು. ಅವರೇನು ಮಾಡಿದರು ಪಾಪ.

ಮಾರ್ಚ್ 29, ಶನಿವಾರ

ಉಸಿರು ಸರ್ ಬಂದರು. ಕಪ್ಪು ಕನ್ನಡಕ, ಕಳ್ಳಭಟ್ಟಿ ವ್ಯಾಪಾರಿಯ ಹಾಗೆ ಕಾಣುತ್ತಿದ್ದರು. ಚಿಕ್ಕವಳು ಎರಡು ಗುಂಡು ಹೊಡೆಯುವಷ್ಟರಲ್ಲಿ ನಿಲ್ಲಿಸಿದರು.

"ಇದೇನಿದು? ಯಾರು ಹೇಳಿದ್ದು ನಿನಗೆ ಹೀಗೆ ನಿಲ್ಲೋಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಪೆಲೆಟ್ ಡಬ್ಬಿಯ ಮೇಲಿತ್ತು, ಬಿಗಿಯಾಗಿ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ —

"ಯಾರೂ ಇಲ್ಲ ಸರ್. ನಾನೇ. ಅಕ್ಕನ ಥರ ನಿಲ್ಬೇಕು ಅನ್ನಿಸ್ತು."

ಸರ್ ಅವಳನ್ನು ಬೈದರು. ಚೆನ್ನಾಗಿಯೇ ಬೈದರು. ತಲೆ ತಗ್ಗಿಸಿ ಬೈಸಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು.

ಕೃತಜ್ಞತೆ ಬರಬೇಕು, ಅಲ್ಲವೇ? ಬಂದದ್ದು ಇನ್ನಷ್ಟು ಉರಿ. ಹೊಡೆಯುವುದರಲ್ಲಿ ಮುಂದೆ, ಸರಿ. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ ಇರಬೇಕೆ? ನನಗೂ ಒಂದು ಜಾಗ ಬಿಡಬಾರದೆ?

ಅವಳ ಓರೆಯನ್ನು ಹಿಂದಕ್ಕೆ ತರಬೇಕು. ಸೈಟ್ ಸುಲಭ, ಬಲಕ್ಕೆ ಹನ್ನೆರಡು. ಬಟ್‌ಪ್ಲೇಟ್? ನೀಲಿ ಗುರುತೇ ಇಲ್ಲ. ಸರ್ ನನ್ನನ್ನು ಕರೆದರು. "ದಿನಾ ತಿರುಗಿಸಿ ಕೊಡ್ತಿದ್ದವಳು ನೀನೇ ಅಲ್ವಾ? ನಿನ್ನ ಕೈಗೆ ನೆನಪಿರುತ್ತೆ. ಇಡಮ್ಮ. ನೆಲೆ ನಿಂತ ಮೇಲೆ ಹೊಸ ಗುರುತು ಹಾಕೋಣ."

ಕೈಗೆ ನೆನಪಿತ್ತು. ಕಣ್ಣು ಮುಚ್ಚಿ ತಿರುಗಿಸಿದರೂ ಅಲ್ಲೇ ನಿಲ್ಲುತ್ತಿತ್ತು. ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇಟ್ಟೆ.

ಏಪ್ರಿಲ್ 2, ಬುಧವಾರ

ನಾಲ್ಕು ದಿನದಿಂದ ದಿನವೂ ಅದೇ. ನನ್ನ ಸರದಿ ಮುಗಿಸಿ ಅವಳಿಗೆ ತಿರುಗಿಸಿ ಕೊಡುತ್ತೇನೆ, ಕೂದಲೆಳೆಯಷ್ಟು ಕಡಿಮೆ. ಕೇಳಿದರೆ ಮರೆತುಹೋಯಿತು ಅನ್ನಬಹುದು. ಯಾರೂ ಕೇಳುವುದಿಲ್ಲ. ಎರಡು ವಾರ ತಪ್ಪು ನಿಂತ ಮೈ, ಇನ್ನೂ ಸರಿಹೋಗಿಲ್ಲ ಅಂತ ಸರ್ ಅಂದುಕೊಳ್ಳುತ್ತಾರೆ. ಮೊದಲ ಎರಡು ದಿನ 608, 607.

ನಿನ್ನೆ 612.8. ಇವತ್ತು 615.1.

ಹೇಗೆ?

ಏಪ್ರಿಲ್ 3, ಗುರುವಾರ

ಹೇಗೆ ಅಂತ ಇವತ್ತು ಕಂಡೆ. ರೈಫಲ್ ಕೊಟ್ಟು, ನೀರು ಕುಡಿಯಲು ಹೋದಂತೆ ಮಾಡಿ, ಬಾಗಿಲ ಗಾಜಿನಿಂದ ನೋಡಿದೆ. ಚಿಕ್ಕವಳು ಅಲೆನ್ ಕೀ ತೆಗೆದಳು. ಸ್ಕ್ರೂ ಸಡಿಲಿಸಿದಳು. ಪ್ಲೇಟನ್ನು ಒಂದು ಕೂದಲೆಳೆ ಮುಂದಕ್ಕೆ ತಿರುಗಿಸಿ ಮತ್ತೆ ಬಿಗಿದಳು. ಭುಜಕ್ಕೆ ಇಟ್ಟು ನೋಡಲೂ ಇಲ್ಲ. ಗಡಿಯಾರಕ್ಕೆ ಕೀ ಕೊಡುವವರ ಹಾಗೆ, ಅಭ್ಯಾಸದಿಂದ.

ಅಂದರೆ ಅವಳಿಗೆ ಗೊತ್ತು. ನಾನು ಎಷ್ಟು ಕದಿಯುತ್ತೇನೆ ಅಂತ ಅಳತೆ ಸಮೇತ ಗೊತ್ತು. ಗೊತ್ತಿದ್ದೂ ಒಂದು ಮಾತಿಲ್ಲ. ಬಂದ ಮೇಲೆ "ನೀರು ಕುಡಿದ್ರಾ ಅಕ್ಕ?" ಅಂದಳು.

ಮಳ್ಳಿ. ನಾನೋ ಅವಳೋ, ಯಾರು ಹೆಚ್ಚು ಮಳ್ಳಿ ಅಂತ ತಿಳಿಯುತ್ತಿಲ್ಲ.

ಏಪ್ರಿಲ್ 6, ಭಾನುವಾರ, ಸಂಜೆ

ನಿಧಾನವಾಗಿ ಬರೆಯಬೇಕು.

ಮೊದಲ ಸರದಿ ನನ್ನದು. ಎರಡನೆಯದು ಅವಳದು. ಒಂದೇ ರೈಫಲ್ ಅಂದ ಮೇಲೆ ಹಾಗೇ ತಾನೇ.

ಏನಾಯಿತೋ ಗೊತ್ತಿಲ್ಲ, ಇವತ್ತು ಗುಳ್ಳೆ ನಡುವಿನಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಕತ್ತು ನೋಯಲಿಲ್ಲ. ಸೊಂಟ ರಜೆ ಹಾಕಿತ್ತು. 614.0. ನನ್ನ ಜನ್ಮದಲ್ಲಿ ಹೊಡೆದ ಅತಿ ಹೆಚ್ಚು. ಉಸಿರು ಸರ್ ಟೀ ಬಿಟ್ಟು ಎದ್ದು ಬಂದರು. ಬೆನ್ನು ತಟ್ಟಿದರು, ಸ್ಕೇಲ್‌ನಿಂದ ಅಲ್ಲ, ಕೈಯಿಂದ. ಇವರು ಗ್ಯಾಲರಿಯಲ್ಲಿ ಶಿಳ್ಳೆ ಹೊಡೆಯಲು ಹೋಗಿ ಬರೀ ಗಾಳಿ ಬಿಟ್ಟರು.

ಆ ಖುಷಿಯಲ್ಲಿ ರೈಫಲ್ ತಿರುಗಿಸಲು ಕೂತೆ. ಸೈಟ್ ಬಲಕ್ಕೆ ಹನ್ನೆರಡು. ಬಟ್‌ಪ್ಲೇಟ್ ಹಿಡಿದೆ. ಮನಸ್ಸು ಒಮ್ಮೆಲೇ ದೊಡ್ಡದಾಯಿತು. 614 ಹೊಡೆದವಳು ನಾನು, ನನಗೇಕೆ ಈ ಕಳ್ಳತನ? ಗೆದ್ದರೆ ನೆಟ್ಟಗೆ ಗೆಲ್ಲೋಣ. ಸರಿಯಾದ ಜಾಗಕ್ಕೇ ಇಟ್ಟೆ. ಕೂದಲೆಳೆಯೂ ಕಡಿಮೆ ಇಲ್ಲದೆ. ಹೊಟ್ಟೆ ತುಂಬಿದವರಿಗೆ ಧರ್ಮ ಸುಲಭ.

ಅವಳು ಬಂದಳು. "ಎಂಥಾ ಹೊಡೆದ್ರಿ ಅಕ್ಕ," ಅಂತ ನನ್ನ ಎರಡೂ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ರೈಫಲ್ ತೆಗೆದುಕೊಂಡು ಲೇನ್‌ಗೆ ಹೋದಳು. ನಾನು ಬೆಂಚಿನ ಮೇಲೆ, ಹತ್ತು ಅಡಿ ಹಿಂದೆ.

ಅಲೆನ್ ಕೀ ತೆಗೆದಳು.

ಸ್ಕ್ರೂ ಸಡಿಲಿಸಿದಳು. ಪ್ಲೇಟನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿದಳು. ಬಿಗಿದಳು.

"ಬೇಡ, ಇವತ್ತು ಸರಿಯಾಗಿಯೇ ಇದೆ" ಅನ್ನಬಹುದಿತ್ತು. ಮ್ಯಾಚ್ ಇನ್ನೂ ಶುರುವಾಗಿರಲಿಲ್ಲ, ಮಾತಾಡಲು ಅಡ್ಡಿ ಇರಲಿಲ್ಲ. ಅಂದರೆ ಇಷ್ಟು ದಿನ ಸರಿಯಿರಲಿಲ್ಲ ಅಂತ ಒಪ್ಪಿಕೊಂಡಂತೆ. ಅದಕ್ಕೇ ಅನ್ನಲಿಲ್ಲ ಅಂತ ಬರೆದರೆ ಅರ್ಧ ನಿಜ. ಇನ್ನರ್ಧ ಏನೆಂದರೆ, ಅವಳ ಕೈ ತಿರುಗುವುದನ್ನು ನೋಡಿದಾಗ ನನ್ನೊಳಗೆ ಏನೋ ತಣ್ಣಗೆ ಕೂತಿತು. ನಾನು ಸರಿಯಾಗಿ ಇಟ್ಟಾಗಿದೆ. ಇನ್ನು ಕೆಡಿಸಿಕೊಂಡರೆ ಅವಳ ಹಣೆಬರಹ, ನನ್ನ ಕೈ ಶುದ್ಧ.

ಬಾಯಿ ಮುಚ್ಚಿಕೊಂಡು ಕೂತೆ.

ಲೆಕ್ಕಕ್ಕೆ ಬಾರದ ಮೊದಲ ಹೊಡೆತಗಳಲ್ಲಿ ಗುಂಡು ಚೂರು ಎಡಕ್ಕೆ ಬಿತ್ತು. ಬಲಕ್ಕೆ ಎರಡು ಕ್ಲಿಕ್ ಹಾಕಿ ಸರಿ ಮಾಡಿಕೊಂಡಳು. ಮೈ ಹೊಸದಿರುವಾಗ ಎಲ್ಲವೂ ಸರಿಹೋಗುತ್ತದೆ. ಹತ್ತು ಗುಂಡಿಗೊಂದು ಸುತ್ತು, ಒಟ್ಟು ಆರು; ನಾಲ್ಕು ಸುತ್ತು ಮುಗಿದಾಗ 411.2. ನನಗಿಂತ ಮುಂದೆ. ಇವರು ಶಿಳ್ಳೆ ಅಭ್ಯಾಸ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಐದನೆಯ ಸುತ್ತಿನಲ್ಲಿ ಶುರುವಾಯಿತು. ದಣಿದ ಮೈ ತನ್ನ ಸ್ವಂತ ಓರೆಗೆ ಮರಳಲು ನೋಡುತ್ತದೆ, ಪ್ಲೇಟ್ ಅದಕ್ಕಿಂತ ಆಚೆಗೆ ಎಳೆಯುತ್ತದೆ. ಪರದೆಯ ಮೇಲೆ ಚುಕ್ಕಿಗಳು ಬಲಕ್ಕೆ ಸರಿಯತೊಡಗಿದವು. 10.0. 9.8. ಎಡಕ್ಕೆ ಒಂದು ಕ್ಲಿಕ್ ಹಾಕಿದಳು. ಮುಂದಿನದು ಎಡಕ್ಕೆ ಹೋಯಿತು. ಮತ್ತೆ ಬಲಕ್ಕೆ ಹಾಕಿದಳು. ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ. ಉಸಿರು ಸರ್ ಕಪ್ಪು ಕನ್ನಡಕ ತೆಗೆದು, ಹಾಕಿ, ತೆಗೆದು... ಮ್ಯಾಚ್ ನಡುವೆ ಅವರೇನೂ ಹೇಳುವಂತಿಲ್ಲ.

ಕೊನೆಯ ಸುತ್ತು 100.8. ಒಟ್ಟು 613.4.

ಹೋಗುತ್ತಿರುವವಳು ನಾನು.

ಏಪ್ರಿಲ್ 7, ಸೋಮವಾರ

ಅಂಗಡಿಗೆ ರಜೆ ಹಾಕಿದೆ. ಅತ್ತೆ ದೃಷ್ಟಿ ತಾಗೀತು ಅಂತ ಬೆಳಿಗ್ಗೆಯಿಂದ ನನ್ನನ್ನು ಹೊಗಳುತ್ತಲೇ ಇಲ್ಲ. ಮೈದುನ ಹೆಂಡತಿಯ ಮುಖ ನೋಡಿಕೊಂಡು ನನಗೆ ಶುಭಾಶಯ ಹೇಳಿದ. ನಾನು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ಚಿಕ್ಕವಳು ಬೇಕರಿಯಿಂದ ಬೇಗ ಬಂದಳು. ಹಗ್ಗದ ಆಚೆ ನಿಂತಳು. ನಡುವೆ ಒಂದು ಒದ್ದೆ ಬೆಡ್‌ಶೀಟ್.

"ಅಕ್ಕ, ನಿನ್ನೆ ನೀವು ಪ್ಲೇಟ್ ಸರಿಯಾಗೇ ಇಟ್ಟಿದ್ರಿ ಅಲ್ವಾ?"

ಕೈಯಲ್ಲಿದ್ದ ಕ್ಲಿಪ್ ಕೆಳಗೆ ಬಿತ್ತು. ಬಗ್ಗಿ ಹುಡುಕಿದೆ.

"ರಾತ್ರಿ ಲೆಕ್ಕ ಹಾಕಿದೆ. ಗುಂಡು ಬಲಕ್ಕೆ ಹೋಗ್ಬೇಕಾದ್ರೆ ನಾನೇ ಜಾಸ್ತಿ ತಿರುಗಿಸಿರ್ಬೇಕು. ವಾರ ಪೂರ್ತಿ ಚೂರು ಕಡಿಮೆ ಇರ್ತಿತ್ತು. ನಿಮಗೂ ನಿಮ್ಮ ಪ್ರಾಕ್ಟೀಸ್ ಟೆನ್ಶನ್, ಮರೆತಿರ್ತೀರ ಅಂತ ನಾನೇ ತಿರುಗಿಸ್ಕೊಳ್ತಿದ್ದೆ. ನಿನ್ನೆನೂ ನೋಡದೆ ತಿರುಗಿಸ್ಬಿಟ್ಟೆ." ಆಚೆಯಿಂದ ಬೆಡ್‌ಶೀಟಿನ ಸುಕ್ಕು ಎಳೆದು ಸರಿಮಾಡಿದಳು. "ಮ್ಯಾಚ್ ದಿನ ನೀವು ಸರಿಯಾಗೇ ಇಟ್ಟಿರ್ತೀರ ಅಂತ ನಂಬಬೇಕಿತ್ತು. ತಪ್ಪಾಯ್ತು ಅಕ್ಕ."

ಮರೆತಿರ್ತೀರ ಅಂದಳು. ಆ ಮಾತನ್ನು ನನ್ನ ಕೈಗೆ ಇಟ್ಟಳು, ಕರವಸ್ತ್ರ ಕೊಡುವ ಹಾಗೆ. ಬೇಕಾದರೆ ಮುಖ ಒರೆಸಿಕೋ ಅಂತ.

"ಬಿಡು, ಆಗುತ್ತೆ," ಅಂದೆ.

ಬಿಡು, ಆಗುತ್ತೆ. ನನ್ನ ಹತ್ತಿರ ಅವಳು ಕ್ಷಮೆ ಕೇಳಿದಳು, ನಾನು ಕ್ಷಮಿಸಿದೆ. ಬೆಡ್‌ಶೀಟ್ ಈಚೆ ನಿಂತು, ಮುಖ ಕಾಣದ ಹಾಗೆ. ಕೇಳಬೇಕಾದವಳು ನಾನು. ಅದರಲ್ಲೂ ಅವಳೇ ಮೊದಲಾದಳು.

ಜಾಗ ನನಗೆ ಸಿಕ್ಕಿದೆ. ಹೊಟ್ಟೆಕಿಚ್ಚು ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಇನ್ನು ಯಾತಕ್ಕೆ? ಅವಳಿಗೆ ರಾತ್ರಿ ನಿದ್ದೆ ಬರುತ್ತದಲ್ಲ, ಬಹುಶಃ ಅದಕ್ಕೆ.

ಏಪ್ರಿಲ್ 17, ಗುರುವಾರ, ಬೆಳಿಗ್ಗೆ

ಹತ್ತು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಒಂದೇ ಮಾತು, ಅದನ್ನು ಇಲ್ಲಿ ಅಲ್ಲ, ಅವಳ ಮುಂದೆ ಹೇಳಬೇಕಿತ್ತು. ಎರಡು ಸಲ ಅಡುಗೆಮನೆಯವರೆಗೆ ಹೋದೆ. ಎರಡು ಸಲವೂ ಉಪ್ಪಿನ ಡಬ್ಬಿ ತೆಗೆದುಕೊಂಡು ಬಂದೆ.

ಒಂಬತ್ತಕ್ಕೆ ಕ್ಲಬ್ಬಿನ ವ್ಯಾನ್ ಬರುತ್ತದೆ. ನಾಳೆ ಬೆಳಿಗ್ಗೆ ಮ್ಯಾಚ್. ಚಿಕ್ಕವಳು ಬೆಳಿಗ್ಗೆ ಬೇಗ ಎದ್ದು ನನ್ನ ಜಾಕೆಟ್ ಮಡಿಚಿ, ಗ್ಲೌಸ್ ಹುಡುಕಿ, ಪೆಲೆಟ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾಳೆ. ನಿನ್ನೆ ಕೊನೆಗೆ ಹೊಡೆದವಳು ಅವಳು. ನಿಯಮದ ಪ್ರಕಾರ ರೈಫಲ್ ನನ್ನ ಅಳತೆಗೆ ತಿರುಗಿಸಿ ಪೆಟ್ಟಿಗೆಯಲ್ಲಿಟ್ಟವಳೂ ಅವಳೇ.

"ನಿಮ್ಮ ಗುರುತಿಗೇ ಇಟ್ಟಿದ್ದೀನಿ ಅಕ್ಕ. ಒಂದ್ಸಲ ನೋಡ್ಕೊಳ್ಳಿ."

"ನೋಡೋದೇನಿದೆ. ನೀನು ಇಟ್ಟ ಮೇಲೆ ಸರಿಯಾಗೇ ಇರುತ್ತೆ," ಅಂದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದರೆ ಅವಳ ಕಣ್ಣು ತುಂಬಿತು. ಕೆನ್ನೆಗೆ ಕೆನ್ನೆ ತಾಗಿಸಿ, ಬೇಕರಿಗೆ ಹೊತ್ತಾಯಿತು ಅಂತ ಓಡಿದಳು. ಇವರು ಸ್ನಾನಕ್ಕೆ ಹೋಗಿದ್ದಾರೆ. ಅತ್ತೆ ಇನ್ನೂ ಎದ್ದಿಲ್ಲ.

ಪೆಟ್ಟಿಗೆ ತೆಗೆದೆ.

ಸರಿಯಾಗಿದೆ. ಪ್ಲೇಟಿನ ಗೆರೆ ಕೆಂಪು ಗುರುತಿನ ಮೇಲೆ ಕರಾರುವಾಕ್ಕಾಗಿ ಕೂತಿದೆ. ಸೈಟಿನ ಕ್ಲಿಕ್ ಎಣಿಸಿದೆ, ಸರಿ. ಮುಚ್ಚಿದೆ.

ಮತ್ತೆ ತೆಗೆದೆ. ಕಿಟಕಿ ಹತ್ತಿರ ಒಯ್ದು ನೋಡಿದೆ. ಕೆಂಪು ಬಣ್ಣ ಚೂರು ಹೊಳೆಯುತ್ತಿದೆ. ನನ್ನ ಗುರುತು ಹಳೆಯದು, ಇಷ್ಟು ಹೊಳೆಯುತ್ತಿತ್ತೆ? ಗುರುತನ್ನು ಒರೆಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಒರೆಸಿ, ಕೂದಲೆಳೆ ಆಚೆಗೆ ಹೊಸದಾಗಿ ಹಾಕಿದರೆ... ಅವಳು ಹಾಗೆ ಮಾಡುವವಳಲ್ಲ. ಖಂಡಿತ ಅಲ್ಲ. ಈ ಮನೆಯಲ್ಲಿ ಹಾಗೆ ಮಾಡುವವಳು ಒಬ್ಬಳೇ.

ವ್ಯಾನ್ ಹಾರ್ನ್ ಕೇಳಿಸಿತು. ಇವರು ಕೂಗುತ್ತಿದ್ದಾರೆ.

ಇದು ಸರಿಯಾಗೇ ಇದೆ. ಕೈ ಹಚ್ಚಬಾರದು. ಕೂದಲೆಳೆಯಷ್ಟೇ ತಾನೇ, ಈ ಅಲೆನ್ ಕೀ ಎಲ್ಲಿ